ಬದಿ ಒಂದೇ, ರೂಢಿ ಬೇರೆ: ನ್ಯೂಜಿಲೆಂಡಿನಲ್ಲಿ ಬಾಡಿಗೆ ಕಾರಿಗೆ 15 ಸೂತ್ರಗಳು

ನ್ಯೂಜಿಲೆಂಡಿನ ದಕ್ಷಿಣ ದ್ವೀಪ ನೋಡಬೇಕೆಂದರೆ ಕೈಯಲ್ಲಿ ಒಂದು ಕಾರು ಇರಬೇಕು. ಟೆಕಪೊ ಸರೋವರದ ದಂಡೆಯಲ್ಲಿ ಮನಸ್ಸು ತುಂಬುವ ತನಕ ಕೂರುವುದಕ್ಕೆ, ಪಶ್ಚಿಮ ಕರಾವಳಿಯಲ್ಲಿ ಮಳೆ ನಿಲ್ಲುವ ತನಕ ಕಾಯುವುದಕ್ಕೆ ಟೂರ್ ಬಸ್ಸಿನ ವೇಳಾಪಟ್ಟಿ ಬಿಡುವುದಿಲ್ಲ. ನಮಗೆ ಅಲ್ಲಿ ಒಂದು ಅನುಕೂಲವೂ ಇದೆ. ಸ್ಟಿಯರಿಂಗ್ ಬಲಕ್ಕೆ, ಗಾಡಿ ರಸ್ತೆಯ ಎಡಕ್ಕೆ, ಥೇಟ್ ನಮ್ಮೂರಿನಂತೆ.

ಈ ಅನುಕೂಲವೇ ನಮ್ಮನ್ನು ಮೈಮರೆಸುತ್ತದೆ. ಅಮೆರಿಕಕ್ಕೋ ಜರ್ಮನಿಗೋ ಹೋದವರು ಬಲಬದಿಯ ಭಯದಿಂದಲೇ ಎಚ್ಚರವಾಗಿರುತ್ತಾರೆ. ನಾವು ಕ್ರೈಸ್ಟ್‌ಚರ್ಚಿನಲ್ಲಿ ಕೀಲಿ ತಿರುಗಿಸಿದ ಕೂಡಲೇ 'ಇದೆಲ್ಲ ಗೊತ್ತಿರುವುದೇ' ಅಂದುಕೊಳ್ಳುತ್ತೇವೆ. ಗೊತ್ತಿರುವುದು ಬದಿ ಮಾತ್ರ. ಅಲ್ಲಿನ ಕರಾರು ಬೇರೆ, ದಾರಿ ಬೇರೆ, ರಸ್ತೆಯ ನಡವಳಿಕೆ ಬೇರೆ. ಅದನ್ನು ಮೊದಲೇ ಕಲಿತು ಹೊರಟವರ ಪ್ರವಾಸ ಗೆಲ್ಲುತ್ತದೆ.

1. ಅಸಲು ಡಿಎಲ್ ಜೇಬಿನಲ್ಲಿರಲಿ

ಚಾಲ್ತಿಯಲ್ಲಿರುವ, ಇಂಗ್ಲಿಷಿನಲ್ಲಿರುವ ವಿದೇಶಿ ಲೈಸೆನ್ಸ್ ಇದ್ದರೆ ಪ್ರವಾಸಿಗರು ನ್ಯೂಜಿಲೆಂಡಿನಲ್ಲಿ ಗಾಡಿ ಓಡಿಸಬಹುದು. ಕರ್ನಾಟಕದ ಸ್ಮಾರ್ಟ್ ಕಾರ್ಡಿನಲ್ಲಿ ವಿವರಗಳು ಇಂಗ್ಲಿಷಿನಲ್ಲೇ ಇರುವುದರಿಂದ ಅನುವಾದದ ಗೊಡವೆ ಇಲ್ಲ. ಆದರೆ ಮೊಬೈಲಿನಲ್ಲಿರುವ ಡಿಜಿಲಾಕರ್ ಪ್ರತಿ ಬೆಂಗಳೂರಿನ ಟ್ರಾಫಿಕ್ ಪೊಲೀಸರ ಮುಂದೆ ನಡೆಯುತ್ತದೆ, ಅಲ್ಲಿನ ಕೌಂಟರಿನ ಮುಂದೆ ನಡೆಯುವುದಿಲ್ಲ. ಅಸಲು ಕಾರ್ಡನ್ನೇ ಕೇಳುತ್ತಾರೆ. ಕಾರ್ಡಿನ ಅವಧಿ ಪ್ರವಾಸದ ಮಧ್ಯೆ ಮುಗಿಯುತ್ತದೆಯೇ ಎಂದು ಇವತ್ತೇ ನೋಡಿ. ಆರ್‌ಟಿಒ ಕೊಡುವ, ಒಂದು ವರ್ಷ ಬಾಳುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅಲ್ಲಿ ಕಡ್ಡಾಯವಲ್ಲ. ಆದರೂ ಬೇರೆ ದೇಶಕ್ಕೂ ಹೋಗುವ ಯೋಚನೆ ಇದ್ದರೆ ಮಾಡಿಸಿಟ್ಟುಕೊಳ್ಳಿ. ಅದು ಡಿಎಲ್ ಜೊತೆಗೆ ಮಾತ್ರ ಬೆಲೆಬಾಳುತ್ತದೆ, ಡಿಎಲ್ ಬದಲಿಗೆ ಅಲ್ಲ.

2. ಕ್ರೆಡಿಟ್ ಕಾರ್ಡು ಮುಖ್ಯ ಚಾಲಕರ ಹೆಸರಿನಲ್ಲಿರಲಿ

ಗಂಡನ ಹೆಸರಿನಲ್ಲಿ ಬುಕಿಂಗ್, ಹೆಂಡತಿಯ ಹೆಸರಿನಲ್ಲಿ ಕಾರ್ಡು ಎಂದಾದರೆ ಕೌಂಟರಿನಲ್ಲೇ ತಡೆ ಬೀಳಬಹುದು. ಕಂಪನಿ ಬಾಡಿಗೆಯ ಜೊತೆಗೆ ಭದ್ರತೆಗೆಂದು ಒಂದು ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ಬ್ಲಾಕ್ ಮಾಡುತ್ತದೆ. ಅಷ್ಟು ಮಿತಿ ಉಳಿದಿರಬೇಕು, ಅಂತರರಾಷ್ಟ್ರೀಯ ವ್ಯವಹಾರ ಚಾಲೂ ಆಗಿರಬೇಕು, ಪಿನ್ ನೆನಪಿರಬೇಕು. ಡೆಬಿಟ್ ಕಾರ್ಡು ಕೊಟ್ಟರೆ ನಿಮ್ಮದೇ ದುಡ್ಡು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಸಿಕ್ಕಿಹಾಕಿಕೊಳ್ಳುತ್ತದೆ. ಯಂತ್ರ 'ರೂಪಾಯಿಯಲ್ಲಿ ಪಾವತಿಸುತ್ತೀರಾ' ಎಂದು ಕೇಳಿದರೆ ಬೇಡವೆನ್ನಿ. ನ್ಯೂಜಿಲೆಂಡ್ ಡಾಲರಿನಲ್ಲೇ ಕಟ್ಟಿದರೆ ಸಾಮಾನ್ಯವಾಗಿ ಅಗ್ಗ.

3. ದಿನದ ಬಾಡಿಗೆಯನ್ನಲ್ಲ, ಕೊನೆಯ ಮೊತ್ತವನ್ನು ಹೋಲಿಸಿ

ಪರದೆಯ ಮೇಲೆ ಕಾಣುವ ದಿನದ ದರ ಬರೀ ಪೀಠಿಕೆ. ಅದರ ಮೇಲೆ ವಿಮೆ, ಎರಡನೇ ಚಾಲಕ, ಮಕ್ಕಳ ಸೀಟು, ವಿಮಾನ ನಿಲ್ದಾಣದ ಶುಲ್ಕ, ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಡುವ ಶುಲ್ಕ ಕೂಡುತ್ತ ಹೋಗುತ್ತವೆ. ಹೆಚ್ಚಿನ ಕಡೆ ಕನಿಷ್ಠ ವಯಸ್ಸು 21, ಮತ್ತು 25ಕ್ಕಿಂತ ಕಿರಿಯರಿಗೆ ಹೆಚ್ಚುವರಿ ದರ. ಎಲ್ಲವನ್ನೂ ಕೂಡಿ ಒಂದು ಹಾಳೆಯಲ್ಲಿ ಬರೆದುಕೊಂಡು ಮೂರು ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಸಲ 'ದುಬಾರಿ' ಕಂಪನಿಯೇ ಅಗ್ಗವಾಗಿ ನಿಲ್ಲುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಬೇಸಿಗೆ, ರಜೆ, ನೂಕುನುಗ್ಗಲು. ಆ ತಿಂಗಳುಗಳಿಗೆ ಹೋಗುವವರು ವಿಮಾನದ ಟಿಕೆಟ್ ಆದ ವಾರವೇ ಕಾರನ್ನೂ ಕಾಯ್ದಿರಿಸಲಿ. ದಿನಾಂಕ ಗಟ್ಟಿಯಾಗದವರು ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಹುಡುಕಲಿ.

4. ಡಿಕ್ಕಿ ನೋಡಿ ಕಾರು ಆರಿಸಿ

ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಎಂದರೆ ಸಣ್ಣ ಹ್ಯಾಚ್‌ಬ್ಯಾಕ್ ಸಾಲದು. ಸೀಟಿನ ಮೇಲೆ ಸಾಮಾನು ಪೇರಿಸಿದರೆ ಹಿಂದಿನ ಗಾಜು ಮುಚ್ಚಿಹೋಗುತ್ತದೆ, ನಿಲ್ಲಿಸಿದ ಕಡೆಯೆಲ್ಲ ಕಳ್ಳರ ಕಣ್ಣೂ ಬೀಳುತ್ತದೆ. ಆಟೊಮ್ಯಾಟಿಕ್ ಗೇರಿನ ಗಾಡಿಯನ್ನೇ ಕೇಳಿ. ಹೊಸ ಊರಿನಲ್ಲಿ ಕಣ್ಣಿಗೆ ಸಾಕಷ್ಟು ಕೆಲಸವಿದೆ, ಕೈಕಾಲಿಗಾದರೂ ಕಡಿಮೆಯಾಗಲಿ.

ಇಂಧನದ ಲೆಕ್ಕದಲ್ಲಿ ಒಂದು ಗುಟ್ಟಿದೆ. ನ್ಯೂಜಿಲೆಂಡಿನಲ್ಲಿ ಪಂಪಿನ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಕಡಿಮೆ ಕಾಣುವುದಕ್ಕೆ ಕಾರಣ, ಡೀಸೆಲ್ ಗಾಡಿಯ ರಸ್ತೆ ತೆರಿಗೆಯನ್ನು ಬೆಲೆಯೊಳಗೆ ಸೇರಿಸದೆ ಓಡಿದ ಕಿಲೋಮೀಟರಿನ ಮೇಲೆ ಬೇರೆಯಾಗಿ ಹಾಕುತ್ತಾರೆ. 2024ರ ಏಪ್ರಿಲ್ 1ರಿಂದ ವಿದ್ಯುತ್ ಕಾರುಗಳಿಗೂ ಈ ಶುಲ್ಕ ಬಂದಿದೆ. ಡೀಸೆಲ್ ಕ್ಯಾಂಪರ್ ವ್ಯಾನ್ ಪಡೆಯುವವರು ಈ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ, ಕೊನೆಯಲ್ಲಿ ಬರುತ್ತದೆಯೇ ಎಂದು ಕೇಳಲೇಬೇಕು.

5. ವಿಮೆಯಲ್ಲಿ 'ಎಕ್ಸೆಸ್' ಎಷ್ಟು ಎಂದು ಮೊದಲು ಕೇಳಿ

ಈ ಒಂದು ಸೂತ್ರಕ್ಕೆ ಒಂದು ಸಂಜೆ ಮೀಸಲಿಡಿ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ನ್ಯೂಜಿಲೆಂಡಿನಲ್ಲಿ ವಾಹನ ವಿಮೆ ಕಾನೂನಿನ ಪ್ರಕಾರ ಕಡ್ಡಾಯವೇ ಅಲ್ಲ. ಅಂದರೆ ನಿಮಗೆ ಗುದ್ದಿದವರ ಬಳಿ ವಿಮೆ ಇಲ್ಲದೇ ಇರಬಹುದು.

ಬಾಡಿಗೆ ಕಾರಿಗೆ ಕಂಪನಿಯ ಮೂಲ ವಿಮೆ ಸಾಮಾನ್ಯವಾಗಿ ಇರುತ್ತದೆ. ಆದರೆ ಹಾನಿಯಾದಾಗ ಮೊದಲ ಇಷ್ಟು ಸಾವಿರ ಡಾಲರ್ ನಿಮ್ಮದು ಎಂಬ ಕರಾರಿರುತ್ತದೆ. ಅದೇ ಎಕ್ಸೆಸ್. ಅದನ್ನು ಇಳಿಸಲು ಮೂರು ದಾರಿ. ದಿನಕ್ಕಿಷ್ಟು ಕೊಟ್ಟು ಕಂಪನಿಯಿಂದಲೇ ಎಕ್ಸೆಸ್ ಸೊನ್ನೆ ಮಾಡಿಸಿಕೊಳ್ಳುವುದು ಒಂದು. ಎಕ್ಸೆಸ್ಸಿಗೆಂದೇ ಬೇರೆಡೆ ಪ್ರತ್ಯೇಕ ಪಾಲಿಸಿ ಕೊಳ್ಳುವುದು ಇನ್ನೊಂದು. ನಿಮ್ಮ ಪ್ರವಾಸ ವಿಮೆಯಲ್ಲೇ ಬಾಡಿಗೆ ಕಾರಿನ ಎಕ್ಸೆಸ್ ಸೇರಿದೆಯೇ ಎಂದು ಹುಡುಕುವುದು ಮೂರನೆಯದು. ಮೊದಲನೆಯದು ದುಬಾರಿ, ಆದರೆ ಅಲ್ಲೇ ಮುಗಿಯುತ್ತದೆ. ಉಳಿದೆರಡರಲ್ಲಿ ಮೊದಲು ನೀವು ಕಟ್ಟಿ, ಊರಿಗೆ ಬಂದು ಕಾಗದಪತ್ರ ಕಳಿಸಿ ವಾಪಸು ಪಡೆಯಬೇಕು.

ಮುಂಗಾಜು, ಟೈರು, ಗಾಡಿಯ ತಳ, ಮೇಲ್ಛಾವಣಿ ಇವು ಒಳಗೊಂಡಿವೆಯೇ ಎಂದು ಬೆರಳಿಟ್ಟು ತೋರಿಸಿ ಕೇಳಿ. ಅಲ್ಲಿನ ಎಷ್ಟೋ ರಸ್ತೆಗಳಿಗೆ ಟಾರಿನ ಮೇಲೆ ಜಲ್ಲಿ ಚೆಲ್ಲಿ ಮೇಲ್ಪದರ ಹಾಕುತ್ತಾರೆ. ಹೊಸದಾಗಿ ಹಾಕಿದ ಕಡೆ ಮುಂದಿನ ಗಾಡಿಯ ಚಕ್ರದಿಂದ ಕಲ್ಲು ಚಿಮ್ಮಿ ಗಾಜಿಗೆ ಬಡಿಯುವುದು ಮಾಮೂಲು. ತಪ್ಪು ಇಂಧನ ತುಂಬಿಸಿದರೆ, ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಕುಡಿದು ಓಡಿಸಿದರೆ ಯಾವ ವಿಮೆಯೂ ಕೈಹಿಡಿಯುವುದಿಲ್ಲ. 'ಸ್ವಲ್ಪ ಹೊತ್ತು ಭಾವ ಓಡಿಸಲಿ ಬಿಡು' ಎನ್ನುವ ಮಾತು ಬೇಡ. ಭಾವನ ಹೆಸರನ್ನು ಮೊದಲ ದಿನವೇ ಬರೆಸಿ.

6. ಯಾವ ರಸ್ತೆಗೆ ಹೋಗಬಾರದು ಎಂದು ಬರೆಸಿಕೊಳ್ಳಿ

ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ಕ್ಯಾನ್ಯನ್ ರಸ್ತೆಗೆ, ಉತ್ತರ ದ್ವೀಪದ ನೈಂಟಿ ಮೈಲ್ ಬೀಚಿಗೆ ಬಾಡಿಗೆ ಕಾರನ್ನು ಸಾಮಾನ್ಯವಾಗಿ ಒಯ್ಯುವಂತಿಲ್ಲ. ಒಯ್ದರೆ ವಿಮೆ ಅಲ್ಲಿಗೇ ಮುಗಿಯಿತು. ಎರಡೂ ದ್ವೀಪ ನೋಡುವವರಿಗೆ ಇನ್ನೊಂದು ಪ್ರಶ್ನೆ. ಪಿಕ್ಟನ್ ಮತ್ತು ವೆಲ್ಲಿಂಗ್ಟನ್ ನಡುವೆ ಕುಕ್ ಜಲಸಂಧಿಯನ್ನು ಫೆರ್ರಿ ಸುಮಾರು ಮೂರೂವರೆ ಗಂಟೆಯಲ್ಲಿ ದಾಟಿಸುತ್ತದೆ. ಕೆಲವು ಕಂಪನಿಗಳು ಕಾರನ್ನು ಹಡಗಿಗೆ ಹತ್ತಿಸಲು ಬಿಡುತ್ತವೆ. ಕೆಲವು ಈ ದಡದಲ್ಲಿ ಒಂದು ಕಾರು ಬಿಟ್ಟು ಆ ದಡದಲ್ಲಿ ಇನ್ನೊಂದು ಪಡೆಯಿರಿ ಎನ್ನುತ್ತವೆ. ಫೆರ್ರಿ ಟಿಕೆಟ್ ಕೊಳ್ಳುವ ಮೊದಲೇ ಇದು ತಿಳಿದಿರಬೇಕು.

7. ಕೀಲಿ ಪಡೆದ ಮೇಲೆ ಹದಿನೈದು ನಿಮಿಷ ಕದಲಬೇಡಿ

ಸುತ್ತ ನಡೆದು ವಿಡಿಯೊ ಮಾಡಿ. ಬಂಪರಿನ ಮೂಲೆ, ಚಕ್ರದ ರಿಮ್ಮು, ಮುಂಗಾಜು, ಮೇಲ್ಛಾವಣಿ, ಪೆಟ್ರೋಲ್ ಮುಳ್ಳು, ಓಡಿದ ಕಿಲೋಮೀಟರು, ಸ್ಟೆಪ್ನಿ ಎಲ್ಲವೂ ಬರಲಿ. ಒಮ್ಮೆ ಮುಂಗಾಜಿನ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಏಟು ನನ್ನ ಕಣ್ಣಿಗೆ ಬಿತ್ತು. ಒಳಗೆ ಹೋಗಿ ಹೇಳಿದೆ, ಹಾಳೆಯಲ್ಲಿ ಗುರುತು ಹಾಕಿಕೊಟ್ಟರು. ಎಂಟನೇ ದಿನ ಕಾರು ಮರಳಿಸುವಾಗ ಅದೇ ಜಾಗದ ಮೇಲೆ ಬೆರಳಿಟ್ಟರು. ಹಾಳೆ ತೋರಿಸಿದೆ, ಮಾತು ಮುಗಿಯಿತು. ಗುರುತು ಹಾಕಿಸದಿದ್ದರೆ ಆ ಅಕ್ಕಿಕಾಳು ನನ್ನ ಲೆಕ್ಕಕ್ಕೆ ಬರುತ್ತಿತ್ತು.

ಹಾಗೆಯೇ ಕೂತು ವೈಪರ್, ದೀಪ, ಹ್ಯಾಂಡ್‌ಬ್ರೇಕ್ ಎಲ್ಲಿವೆ ನೋಡಿಕೊಳ್ಳಿ. ಇಂಧನದ ಮುಚ್ಚಳ ಯಾವ ಬದಿಗಿದೆ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನೂ ಕೇಳಿ ಖಚಿತ ಮಾಡಿಕೊಳ್ಳಿ.

8. ಇಳಿದ ದಿನ ದೂರ ಹೊರಡಬೇಡಿ

ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ನೇರ ವಿಮಾನವಿಲ್ಲ. ನಡುವೆ ಇಳಿದು ಹತ್ತಿ ತಲುಪುವಷ್ಟರಲ್ಲಿ ಒಂದು ರಾತ್ರಿಯ ನಿದ್ದೆ ಹೋಗಿರುತ್ತದೆ. ಅಲ್ಲಿನ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ ಒಂಬತ್ತು ಎಂದರೆ ನಮ್ಮ ದೇಹಕ್ಕೆ ನಡುರಾತ್ರಿ ಒಂದೂವರೆ. ಆ ಹೊತ್ತಿನಲ್ಲಿ ಹೆದ್ದಾರಿ ಹಿಡಿಯುವುದು ನಿದ್ದೆಗಣ್ಣಿನಲ್ಲಿ ಚಾರ್ಮಾಡಿ ಇಳಿದಂತೆ. ಮೊದಲ ರಾತ್ರಿ ಇಳಿದ ಊರಿನಲ್ಲೇ ಮಲಗಿ, ಕಾರನ್ನು ಮರುದಿನ ಪಡೆಯಿರಿ. ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.

9. ನಕ್ಷೆಯ ಗಂಟೆಗೆ ಕಾಲು ಭಾಗ ಸೇರಿಸಿ

ಊರ ಹೊರಗೆ ವೇಗಮಿತಿ 100 ಇದೆ ಎಂದು ಗಂಟೆಗೆ ನೂರು ಕಿಲೋಮೀಟರ್ ಸಾಗುತ್ತೀರಿ ಅಂದುಕೊಳ್ಳಬೇಡಿ. ದಕ್ಷಿಣ ದ್ವೀಪದ ಹೆದ್ದಾರಿಗಳಲ್ಲಿ ಹೆಚ್ಚಿನವು ಹೋಗಲೊಂದು ಬರಲೊಂದು ಪಥದವು, ನಡುವೆ ವಿಭಜಕವಿಲ್ಲದವು. ಕ್ರೈಸ್ಟ್‌ಚರ್ಚಿನಿಂದ ಕ್ವೀನ್ಸ್‌ಟೌನಿಗೆ ಸುಮಾರು 480 ಕಿ.ಮೀ., ಬರೀ ಓಡಿಸುವುದಕ್ಕೇ ಆರು ಗಂಟೆ. ನೋಡಲು ನಿಲ್ಲದೆ ಆ ದಾರಿಯಲ್ಲಿ ಯಾರೂ ಹೋಗಲಾರರು. ಟೆಕಪೊದಲ್ಲಿ ಒಂದು ರಾತ್ರಿ ಉಳಿದು ಸಾಗಿ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಚಾಲನೆ ಬೇಡ ಎಂಬುದು ನನ್ನ ಗೆರೆ.

ತಿರುವಿನ ಮುಂಚೆ ಹಳದಿ ಫಲಕದಲ್ಲಿ 25, 35, 65 ಎಂಬ ಅಂಕಿ ಕಾಣುತ್ತದೆ. ಅದು ಆ ತಿರುವಿಗೆ ತಕ್ಕ ವೇಗ. ಅಂಕಿ ಸಣ್ಣದಿದ್ದಷ್ಟೂ ತಿರುವು ಕಡಿದು. ತಿರುವಿನೊಳಗೆ ಹೋಗಿ ಬ್ರೇಕ್ ಒತ್ತಬೇಡಿ, ಮೊದಲೇ ಇಳಿಸಿ.

10. ಐದು ರೂಢಿಗಳನ್ನು ಊರಲ್ಲೇ ಬಿಟ್ಟು ಬನ್ನಿ

ಹಾರ್ನ್: ಅಲ್ಲಿ ಅದು ಅಪಾಯದ ಎಚ್ಚರಿಕೆಗೆ ಮಾತ್ರ. 'ನಾನು ಬರ್ತಿದ್ದೀನಿ' ಎಂದು ಒತ್ತಿದರೆ ಬೈದ ಹಾಗೆ.

ದೀಪದ ಮಿಂಚು: ಎದುರಿನವರು ಹೆಡ್‌ಲೈಟ್ ಮಿನುಗಿಸಿದರೆ ನಮ್ಮಲ್ಲಿ 'ನಾನು ನುಗ್ಗುತ್ತೇನೆ, ನಿಲ್ಲು' ಎಂದರ್ಥ. ಅಲ್ಲಿ ಸಾಮಾನ್ಯವಾಗಿ 'ನೀವು ಮೊದಲು ಹೋಗಿ' ಎಂದರ್ಥ.

ಫ್ರೀ ಲೆಫ್ಟ್: ಅಲ್ಲಿ ಇಲ್ಲ. ಕೆಂಪು ದೀಪ ಇದ್ದಾಗ ಎಡಕ್ಕೂ ತಿರುಗುವಂತಿಲ್ಲ.

ಸ್ಟಾಪ್ ಫಲಕ: ನಿಧಾನಿಸಿದರೆ ಸಾಲದು. ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು.

ಓವರ್‌ಟೇಕ್: ನಿಮ್ಮ ಬದಿಗೆ ಮುರಿಯದ ಹಳದಿ ಗೆರೆ ಇದ್ದರೆ ಓವರ್‌ಟೇಕ್ ಮಾಡಲು ಅದನ್ನು ದಾಟುವಂತಿಲ್ಲ. ಉಳಿದೆಡೆಯೂ ಮುಂದಿನ ಗಾಡಿಯನ್ನು ಹಿಂದಿಕ್ಕಿ ನಿಮ್ಮ ಪಥಕ್ಕೆ ಮರಳಿದ ಮೇಲೆ ಎದುರಿಗೆ ಇನ್ನೂ 100 ಮೀಟರ್ ರಸ್ತೆ ಖಾಲಿ ಕಾಣುತ್ತಿರಬೇಕು. ಕಾಣದಿದ್ದರೆ ಕಾಯಿರಿ. ಓವರ್‌ಟೇಕಿಗೆಂದೇ ಅಲ್ಲಲ್ಲಿ ಹೆಚ್ಚುವರಿ ಪಥ ಬರುತ್ತದೆ.

ಈ ಐದರ ಜೊತೆಗೆ ನಮ್ಮಲ್ಲಿ ಇಲ್ಲದ ಒಂದು ನಿಯಮ ಕಲಿಯಿರಿ. ಮಕ್ಕಳನ್ನು ಹತ್ತಿಸಲು ಇಳಿಸಲು ನಿಂತ ಶಾಲಾ ಬಸ್ಸನ್ನು ದಾಟುವಾಗ ವೇಗ 20 ಮೀರಬಾರದು. ನೀವು ಎದುರಿನಿಂದ ಬರುತ್ತಿದ್ದರೂ ಅಷ್ಟೇ.

11. ಒಂಟಿ ಪಥದ ಸೇತುವೆಯ ಭಾಷೆ ಕಲಿಯಿರಿ

ಪಶ್ಚಿಮ ಕರಾವಳಿಯಲ್ಲಿ ಹೆದ್ದಾರಿಯೇ ಇದ್ದಕ್ಕಿದ್ದಂತೆ ಕಿರಿದಾಗಿ ಒಂದೇ ಗಾಡಿ ಹೋಗುವ ಸೇತುವೆಯಾಗುತ್ತದೆ. ಮುಂಚೆಯೇ ಫಲಕ ಇರುತ್ತದೆ. ಕೆಂಪು ಅಂಚಿನ ದುಂಡು ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಸಣ್ಣದಾಗಿ ಕೆಂಪಗಿದ್ದರೆ ನೀವು ಎದುರಿನವರಿಗೆ ದಾರಿ ಬಿಡಬೇಕು. ನೀಲಿ ಚೌಕದಲ್ಲಿ ನಿಮ್ಮ ಬಾಣ ದೊಡ್ಡದಾಗಿ ಬೆಳ್ಳಗಿದ್ದರೆ ಮೊದಲ ಹಕ್ಕು ನಿಮ್ಮದು. ಹಕ್ಕಿದ್ದರೂ ಎದುರಿನವರು ಸೇತುವೆ ಏರಿಬಿಟ್ಟಿದ್ದರೆ ಅವರು ದಾಟಲಿ. ಕಾದವರಿಗೆ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳುವುದು ಅಲ್ಲಿನ ಹಳ್ಳಿದಾರಿಯ ಮರ್ಯಾದೆ. ನೀವೂ ಎತ್ತಿ.

12. ಹಿಂದೆ ಸಾಲು ಬೆಳೆದರೆ ಬದಿಗೆ ಸರಿಯಿರಿ

ನಿಧಾನ ಹೋಗುವುದು ತಪ್ಪಲ್ಲ, ದಾರಿ ಕೊಡದಿರುವುದು ತಪ್ಪು. ಹಿಂದೆ ಎರಡು ಮೂರು ಗಾಡಿ ಕೂಡಿದರೆ ಅಗಲವಾದ ಜಾಗ ಸಿಕ್ಕಲ್ಲಿ ಎಡಕ್ಕೆ ನಿಲ್ಲಿಸಿ ಬಿಟ್ಟುಕೊಡಿ. ಅವರಿಗೆ ಅದು ದಿನನಿತ್ಯದ ಕೆಲಸದ ದಾರಿ, ನಮಗೆ ರಜೆಯ ದಾರಿ.

13. ಬೆಲ್ಟು ಎಲ್ಲರಿಗೂ, ಸೀಟು ಮಕ್ಕಳಿಗೂ

ಏಳು ವರ್ಷ ತುಂಬದ ಮಕ್ಕಳಿಗೆ ವಯಸ್ಸಿಗೆ ತಕ್ಕ ಸೀಟು ಕಡ್ಡಾಯ. ಅಜ್ಜಿಯ ತೊಡೆ ಎಷ್ಟೇ ಬೆಚ್ಚಗಿರಲಿ, ಅದು ಸೀಟಲ್ಲ. ಹಿಂದಿನ ಸೀಟಿನವರಿಗೂ ಬೆಲ್ಟು ಬೇಕು. ಹದಿನೈದು ತುಂಬದವರು ಹಾಕಿದ್ದಾರೋ ಇಲ್ಲವೋ ನೋಡುವ ಹೊಣೆ ಚಾಲಕರದು. ಮಕ್ಕಳ ಸೀಟನ್ನು ಬುಕಿಂಗ್ ಸಮಯದಲ್ಲೇ ಹೇಳಿಡಿ, ಅಲ್ಲಿಗೆ ಹೋಗಿ ಕೇಳಿದರೆ ಉಳಿದಿರುವ ಭರವಸೆಯಿಲ್ಲ.

14. ಮಿಲ್ಫರ್ಡ್ ದಾರಿಗೆ ಪ್ರತ್ಯೇಕವಾಗಿ ಸಿದ್ಧರಾಗಿ

ಟೆ ಅನಾವ್‌ನಿಂದ ಮಿಲ್ಫರ್ಡ್ ಸೌಂಡಿಗೆ ಸುಮಾರು 120 ಕಿ.ಮೀ. ದಕ್ಷಿಣ ದ್ವೀಪದ ಅತಿ ಸುಂದರ ದಾರಿಗಳಲ್ಲಿ ಒಂದು, ಅತಿ ಎಚ್ಚರ ಬೇಡುವ ದಾರಿಗಳಲ್ಲೂ ಒಂದು. ಟೆ ಅನಾವ್‌ನಲ್ಲೇ ಟ್ಯಾಂಕ್ ತುಂಬಿಸಿ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂದೇ ಇಟ್ಟುಕೊಂಡು ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಕ್ವೀನ್ಸ್‌ಟೌನಿನಿಂದ ಒಂದೇ ದಿನ ಹೋಗಿಬರುವುದು ಎಂದರೆ ಹೋಗಲು ನಾಲ್ಕು, ಬರಲು ನಾಲ್ಕು ಗಂಟೆ. ಹಿಂದಿನ ರಾತ್ರಿ ಟೆ ಅನಾವ್‌ನಲ್ಲಿ ಉಳಿಯುವುದೇ ಜಾಣತನ.

ಮೇನಿಂದ ನವೆಂಬರ್‌ವರೆಗೆ ಹಿಮ ಮತ್ತು ಹಿಮಕುಸಿತದ ಕಾಲ. ಫಲಕ ಸೂಚಿಸಿದ ದಿನಗಳಲ್ಲಿ ಟೈರಿಗೆ ಹಾಕುವ ಸರಪಳಿ ಗಾಡಿಯಲ್ಲಿ ಇರಲೇಬೇಕು. ಅದನ್ನು ಕಟ್ಟುವುದನ್ನು ಬಾಡಿಗೆ ಪಡೆದ ಅಂಗಡಿಯ ಮುಂದೆಯೇ ಒಮ್ಮೆ ಕಲಿತುಕೊಳ್ಳಿ. ಚಳಿಗಾಲದ ಮುಂಜಾನೆ ನೆರಳಿರುವ ತಿರುವುಗಳಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಟಾರಿಗೆ ಅಂಟಿರುತ್ತದೆ. ಬಿಸಿಲೇರಿದ ಮೇಲೆ ಹೊರಡಿ.

ದಾರಿಯ ನಡುವೆ ಹೋಮರ್ ಸುರಂಗವಿದೆ, ಉದ್ದ 1.2 ಕಿ.ಮೀ. 1935ರಲ್ಲಿ ಕೂಲಿಗಳು ಗುದ್ದಲಿ ಹಿಡಿದು ಕೊರೆಯಲು ಆರಂಭಿಸಿದ ಸುರಂಗ 1950ರ ದಶಕದಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಬಾಯಲ್ಲಿ ಗಾಡಿ ನಿಂತಾಗ ಹಸಿರು ಬಣ್ಣದ ಕಿಯಾ ಗಿಳಿಗಳು ಕಾರಿನ ಮೇಲೆ ಬಂದು ಕೂರುತ್ತವೆ. ಬಹಳ ಬುದ್ಧಿವಂತ ಹಕ್ಕಿಗಳು. ಕಿಟಕಿಯ, ವೈಪರಿನ ರಬ್ಬರನ್ನು ಕೊಕ್ಕಿನಿಂದ ಕಿತ್ತೆಳೆಯುವುದು ಅವಕ್ಕೆ ಆಟ. ತಿಂಡಿ ಹಾಕಬೇಡಿ. ಅವುಗಳ ಆರೋಗ್ಯಕ್ಕೂ ಕೇಡು, ನಿಮ್ಮ ಎಕ್ಸೆಸ್ಸಿಗೂ ಕೇಡು.

15. ಲೆಕ್ಕ ಚುಕ್ತಾ ಮಾಡಿ ಹೊರಡಿ

ದಕ್ಷಿಣ ದ್ವೀಪದಲ್ಲಿ ಟೋಲ್ ರಸ್ತೆ ಇಲ್ಲ. ಉತ್ತರ ದ್ವೀಪದಲ್ಲಿ ಆಕ್ಲೆಂಡ್ ಮತ್ತು ತೌರಂಗಾ ಕಡೆ ಇವೆ, ಆದರೆ ನಮ್ಮಂತೆ ಟೋಲ್ ಗೇಟಿಲ್ಲ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ಐದು ಕೆಲಸದ ದಿನಗಳೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು. ಮರೆತರೆ ಅದು ಕಂಪನಿಗೆ ಹೋಗಿ, ಅವರ ನಿರ್ವಹಣಾ ಶುಲ್ಕ ಸೇರಿ ನಿಮ್ಮ ಕಾರ್ಡಿಗೆ ಬರುತ್ತದೆ. ವೇಗದ ದಂಡದ ದಾರಿಯೂ ಇದೇ. ಗಾಡಿ ನಿಲ್ಲಿಸುವಾಗ ಸಂಚಾರ ಸಾಗುವ ದಿಕ್ಕಿಗೇ ಮುಖವಿರಲಿ, ಎದುರುಮುಖವಾಗಿ ನಿಲ್ಲಿಸುವುದು ತಪ್ಪು.

ಅಪಘಾತವಾದರೆ 111ಕ್ಕೆ ಕರೆ ಮಾಡಿ. ಎದುರಿನವರ ಹೆಸರು, ನಂಬರ್, ಫೋಟೊ ಪಡೆದು ಕಂಪನಿಗೆ ಅಂದೇ ತಿಳಿಸಿ. ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆಗೆ ಎಸಿಸಿ ಎಂಬ ಅಲ್ಲಿನ ಸರ್ಕಾರಿ ಯೋಜನೆ ಪ್ರವಾಸಿಗರಿಗೂ ನೆರವಾಗುತ್ತದೆ. ಆದರೆ ಕಾಯಿಲೆಗೆ, ತಪ್ಪಿಹೋದ ವಿಮಾನಕ್ಕೆ, ಊರಿಗೆ ಕರೆತರುವ ಖರ್ಚಿಗೆ ಅದು ಬಾರದು. ಪ್ರವಾಸ ವಿಮೆ ಮಾಡಿಸಿಯೇ ಹೋಗಿ. ಮರಳಿಸುವ ದಿನ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ಮತ್ತೊಮ್ಮೆ ಸುತ್ತ ವಿಡಿಯೊ ಮಾಡಿ. ಬ್ಲಾಕ್ ಆದ ಮೊತ್ತ ಬಿಡುಗಡೆಯಾಗುವ ತನಕ ಕಾಗದ ಯಾವುದನ್ನೂ ಎಸೆಯಬೇಡಿ.

ಇಷ್ಟೆಲ್ಲ ಜಾಗ್ರತೆ ಏತಕ್ಕೆ ಎಂದು ಕೇಳಿದರೆ, ನಿಲ್ಲುವುದಕ್ಕೆ. ಬಾಡಿಗೆ ಕಾರು ಕೊಡುವ ನಿಜವಾದ ಸುಖ ಓಡಿಸುವುದರಲ್ಲಿಲ್ಲ. ಪುಕಾಕಿ ಸರೋವರದ ಪಕ್ಕ ಸಾಗುವಾಗ ಮೋಡ ಸರಿದು, ನೀಲಿ ನೀರಿನಾಚೆ 3,724 ಮೀಟರ್ ಎತ್ತರದ ಔರಾಕಿ ಮೌಂಟ್ ಕುಕ್ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆಗ ರಸ್ತೆಯಲ್ಲೇ ಬ್ರೇಕ್ ಹಾಕಿ ಮೊಬೈಲ್ ಎತ್ತಬೇಡಿ. ಮುಂದೆ ವೀಕ್ಷಣಾ ತಾಣದ ಫಲಕ ಬರುತ್ತದೆ. ಅಲ್ಲಿ ಇಂಡಿಕೇಟರ್ ಹಾಕಿ, ರಸ್ತೆಯಿಂದ ಪೂರ್ತಿ ಸರಿದು, ಎಂಜಿನ್ ಆರಿಸಿ, ಎಲ್ಲರೂ ಇಳಿಯಿರಿ. ವಿಮೆ, ಕರಾರು, ಗೆರೆ, ಫಲಕ ಯಾವುದರ ಚಿಂತೆಯೂ ಇಲ್ಲದೆ ಆ ಬೆಟ್ಟದ ಮುಂದೆ ಅರ್ಧ ಗಂಟೆ ನಿಂತಿರಾದರೆ, ಮನೆಯಲ್ಲಿ ಕೂತು ಮಾಡಿದ ತಯಾರಿ ಸಾರ್ಥಕವಾಯಿತು.